ಎದೆಯೂ ಹುಳಿಯಾಗುತ್ತೆ

ಹೋದ ವಾರ ದಾವಣಗೆರೆ ನಿಟ್ಟುವಳ್ಳಿಯ ನನ್ನ ಕ್ಲಿನಿಕ್‌ಗೆ ಒಬ್ಬ ಅಜ್ಜಿ ಬಂದಿದ್ದರು. ಕೂತ ತಕ್ಷಣ ಸೆರಗನ್ನು ಎದೆಗೆ ಒತ್ತಿಕೊಂಡು, “ಎದಿ ಮ್ಯಾಲೆ ಬೀಸೋ ಕಲ್ಲು ಇಟ್ಟಂಗ ಆಗೈತಿ ಡಾಕ್ಟ್ರವ್ವಾ. ಹೊಟ್ಟ್ಯಾಗ ಸಂಕಟ” ಅಂದರು. ಇಸಿಜಿ ತೆಗೆದೆ. ಬಿಪಿ, ಶುಗರ್ ನೋಡಿದೆ. ಅವರ ವಯಸ್ಸಿಗೆ ಎಲ್ಲ ಸರಿಯಾಗೇ ಇತ್ತು. ಗ್ಯಾಸ್ ಮಾತ್ರೆ ಬರೆದು ಕಳಿಸಬಹುದಿತ್ತು, ಹೊರಗೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ಆದರೆ ಆ ‘ಸಂಕಟ’ ಅನ್ನೋ ಮಾತು ನನ್ನನ್ನು ಬಿಡಲಿಲ್ಲ. ಇಂಥ ಮಾತಿಗೆ ಕಿವಿಗೊಡೋದನ್ನು ನಾನು ಕಲಿತದ್ದು ಚೀನಾದಲ್ಲಿ.

ನಾನು ಎಂಬಿಬಿಎಸ್ ಓದಿದ್ದು ಹುನಾನ್ ಪ್ರಾಂತ್ಯದ ಚಾಂಗ್ಶಾದಲ್ಲಿ. ಪಾಠ ಇಂಗ್ಲಿಷಿನಲ್ಲಿ, ರೋಗಿಗಳ ಮಾತು ಚೀನೀಯಲ್ಲಿ. ಊಟಕ್ಕೆ ಕಷ್ಟ ಆಗಲಿಲ್ಲ. ಖಾರದಲ್ಲಿ ಹುನಾನಿನವರು ನಮ್ಮ ಮಿರ್ಚಿ ತಿನ್ನೋರಿಗೆ ಏನೂ ಕಡಿಮೆ ಇಲ್ಲ. ಕಷ್ಟ ಆಗಿದ್ದು ದನಿಯಲ್ಲಿ. ‘ಥಾಂಗ್’ ಅನ್ನೋದನ್ನು ಒಂದೇ ಎತ್ತರದಲ್ಲಿ ಹಿಡಿದು ಹೇಳಿದರೆ ಸೂಪು, ದನಿ ಏರಿಸಿದರೆ ಸಕ್ಕರೆ. ನಾವು ಏನಾದರೂ ಕೇಳುವಾಗ ಕೊನೆಗೆ ದನಿ ಏರಿಸ್ತೀವಿ ಅಲ್ವಾ? ನಾನು ಸೂಪು ಕೇಳಿದರೆ ಅವರಿಗೆ ಸಕ್ಕರೆ ಕೇಳಿಸುತ್ತಿತ್ತು. ದನಿಯೆಲ್ಲ ಪದಕ್ಕೇ ಖರ್ಚಾದರೆ ಇವರು ಸಿಟ್ಟು, ದುಃಖವನ್ನು ಎಲ್ಲಿ ತೋರಿಸ್ತಾರೆ ಅಂತ ಯೋಚನೆ ಆಗುತ್ತಿತ್ತು. ಭಾಷಾ ವಿದ್ವಾಂಸ ಯುಯೆನ್ ರೆನ್ ಚಾವೋ ಇದಕ್ಕೊಂದು ಒಳ್ಳೆ ಹೋಲಿಕೆ ಕೊಟ್ಟಿದ್ದಾರೆ. ಪದದ ಸ್ವರ ಸಣ್ಣ ಅಲೆ, ಇಡೀ ವಾಕ್ಯದ ಏರಿಳಿತ ದೊಡ್ಡ ಅಲೆ, ಸಣ್ಣದು ದೊಡ್ಡದರ ಮೇಲೆ ಸವಾರಿ ಮಾಡುತ್ತೆ. ವಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಮೇಲೆ ನನಗೂ ಆ ದೊಡ್ಡ ಅಲೆ ಕೇಳಿಸತೊಡಗಿತು.

ಒಂದು ದಿನ ಅಲ್ಲೊಬ್ಬ ಅಜ್ಜಿ ಮಂಡಿ ಮುಟ್ಟಿ ‘ಸುವಾನ್’ ಅಂದರು. ನಾನು ಕಲಿತ ಹಾಗೆ ಸುವಾನ್ ಅಂದರೆ ಹುಳಿ. ನಿಂಬೆಹಣ್ಣು ಸುವಾನ್. ಮಂಡಿ ಹೇಗೆ ಹುಳಿಯಾಗುತ್ತೆ? ಜೊತೆಗಿದ್ದ ನರ್ಸ್ ತನ್ನ ಕಾಲನ್ನೇ ಹಿಸುಕಿ ತೋರಿಸಿದಳು. ದಿನವಿಡೀ ನಿಂತು ದುಡಿದ ಕಾಲಿನಲ್ಲಿ ಸಂಜೆ ಒಂದು ಮಂದ ನೋವು, ಒಂದು ಸೆಳೆತ ಬರುತ್ತಲ್ಲ, ಅದು. ಆಮೇಲೆ ಅಜ್ಜಿ ತೀರಿಹೋದ ಗಂಡನ ಮಾತು ತೆಗೆದರು. ಕೈ ಮಂಡಿಯಿಂದ ಎದೆಗೆ ಬಂತು. ‘ಶಿನ್ ಸುವಾನ್’ ಅಂದರು. ಎದೆ ಹುಳಿ. ನನಗೆ ಆ ಕ್ಷಣ ಯಾವ ಅನುವಾದವೂ ಬೇಕಾಗಲಿಲ್ಲ.

‘ನಾನ್ ಶೋ’ ಅಂತ ಇನ್ನೊಂದು ಮಾತಿದೆ. ತಡೆದುಕೊಳ್ಳೋಕೆ ಕಷ್ಟ ಅಂತ ಅರ್ಥ. ಜ್ವರ ಬಂದವರೂ ಅದನ್ನೇ ಹೇಳ್ತಾರೆ, ಮಗಳ ಸಂಸಾರ ಮುರಿದವರೂ ಅದನ್ನೇ ಹೇಳ್ತಾರೆ. ನಮ್ಮ ಸಂಕಟವೂ ಹಾಗೇ ಅಲ್ವಾ? ವಾಂತಿ ಬರೋ ಮುಂಚೆಯೂ ಸಂಕಟ, ಮಗ ಫೋನ್ ಎತ್ತದಿದ್ದರೂ ಸಂಕಟ.

1980ರಲ್ಲಿ ಆರ್ಥರ್ ಕ್ಲೈನ್‌ಮನ್ ಅನ್ನೋ ಅಮೆರಿಕದ ಮನೋವೈದ್ಯರು ಇದೇ ಚಾಂಗ್ಶಾಗೆ ಬಂದಿದ್ದರು. ತಲೆನೋವು, ನಿದ್ದೆ ಇಲ್ಲ, ತಲೆಸುತ್ತು ಅಂತ ಬಂದು ‘ನರಗಳ ದೌರ್ಬಲ್ಯ’ ಅನ್ನಿಸಿಕೊಂಡಿದ್ದ 100 ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ಅವರಲ್ಲಿ 87 ಜನಕ್ಕೆ ಖಿನ್ನತೆಯ ಲಕ್ಷಣಗಳಿದ್ದವು. ಇದನ್ನು ಕೇಳಿದವರು ‘ಚೀನಿಯರು ಭಾವನೆ ಮುಚ್ಚಿಡ್ತಾರೆ’ ಅಂದುಬಿಡ್ತಾರೆ. ನಾನು ಒಪ್ಪಲ್ಲ. ಅವರು ಮುಚ್ಚಿಡೋದಿಲ್ಲ, ಮೈ ಮೇಲೆ ಬೆರಳಿಟ್ಟು ಜಾಗ ತೋರಿಸ್ತಾರೆ. ಕೇಳುವವರಿಗೆ ಆ ಜಾಗ ಗೊತ್ತಿರಬೇಕು.

ಶಿನ್ ಅಂದರೆ ಹೃದಯವೂ ಹೌದು, ಮನಸ್ಸೂ ಹೌದು. ಹೃದಯ ತೆರೆದರೆ ಖುಷಿ. ಹೃದಯ ಕೆಳಗಿಟ್ಟರೆ ನಿಶ್ಚಿಂತೆ. ಬರವಣಿಗೆಯಲ್ಲೂ ಅದು ಸೇರಿಕೊಂಡಿದೆ. ಹೃದಯದ ಅಕ್ಷರದ ಮೇಲೆ ಶರತ್ಕಾಲದ ಅಕ್ಷರ ಕೂರಿಸಿದರೆ ಕೊರಗು ಅನ್ನೋ ಅಕ್ಷರ. ಅಲ್ಲಿ ಶರತ್ಕಾಲ ಇರೋದು ಉಚ್ಚಾರಣೆಗಾಗಿ ಅಂತ ನಮ್ಮ ಭಾಷೆಯ ಮೇಡಂ ಹೇಳಿದ್ದರು. ಇರಬಹುದು. ಆದರೂ ಓದುವವರಿಗೆ ಎಲೆ ಉದುರೋದು ಕಾಣದೆ ಇರುತ್ತಾ? ಚೀನಾದ ಸುಂಗ್ ರಾಜವಂಶದ ಕಾಲದ ಕವಿಯೊಬ್ಬರು ಈ ಅಕ್ಷರವನ್ನು ಒಡೆದೇ ಅಗಲಿಕೆಯ ಸಾಲು ಬರೆದಿದ್ದಾರೆ. ಇನ್ನೊಂದು ನನ್ನನ್ನು ಇವತ್ತಿಗೂ ಚುಚ್ಚುತ್ತೆ. ‘ಕೆಲಸದ ಗಡಿಬಿಡಿ’ ಮತ್ತು ‘ಮರೆವು’, ಈ ಎರಡೂ ಅಕ್ಷರಗಳಲ್ಲಿ ಇರೋದು ಅವೇ ಎರಡು ಭಾಗ: ಹೃದಯ, ಇಲ್ಲವಾಗುವುದು. ಮೊದಲನೆಯದರಲ್ಲಿ ಅಕ್ಕಪಕ್ಕ, ಎರಡನೆಯದರಲ್ಲಿ ಮೇಲೆ ಕೆಳಗೆ.

ಹಾಸ್ಟೆಲಿನಲ್ಲಿ ಕಸ ಗುಡಿಸೋಕೆ ಬರುತ್ತಿದ್ದ ಹೆಂಗಸನ್ನು ಎಲ್ಲರೂ ‘ಆಯೀ’ ಅಂತಿದ್ದರು. ಚಿಕ್ಕಮ್ಮ ಅಂದ ಹಾಗೆ. ಪರೀಕ್ಷೆ ಸಮಯದಲ್ಲಿ ನನ್ನ ಮುಖ ನೋಡಿ ‘ಶಿನ್ ಥಂಗ್’ ಅನ್ನುತ್ತಿದ್ದರು. ಹೃದಯ ನೋಯುತ್ತೆ ಅಂತ. ಅದು ಅಯ್ಯೋ ಪಾಪ ಅನ್ನೋದಲ್ಲ, ನೀನು ನನ್ನವಳು ಅನ್ನೋದು. ನಮ್ಮಮ್ಮ ಆಗಿದ್ದರೆ ‘ಕರುಳು ಚುರುಕ್ ಅಂತು’ ಅಂತಿದ್ದರು.

ಕರುಳು ಅವರಲ್ಲೂ ಇದೆ. ತಡೆಯಲಾಗದ ದುಃಖಕ್ಕೆ ‘ದ್ವಾನ್ ಛಾಂಗ್’ ಅಂತಾರೆ, ಕರುಳು ತುಂಡಾಗೋದು. ಅದಕ್ಕೊಂದು ಹಳೇ ಕಥೆ. 4ನೇ ಶತಮಾನದಲ್ಲಿ ಹ್ವಾನ್ ವೆನ್ ಅನ್ನೋ ಸೇನಾಪತಿಯ ದೋಣಿಗಳು ಯಾಂಗ್ಟ್ಸಿ ನದಿಯ ಕಣಿವೆಯಲ್ಲಿ ಹೋಗುತ್ತಿದ್ದಾಗ ಅವನ ಕಡೆಯವನೊಬ್ಬ ಕೋತಿಮರಿ ಹಿಡಿದ. ತಾಯಿ ದಡದುದ್ದಕ್ಕೂ ಚೀರುತ್ತಾ 100 ಲಿಗೂ ಜಾಸ್ತಿ ದೂರ, ಅಂದರೆ 40 ಕಿಲೋಮೀಟರ್ ದಾಟಿ, ಓಡಿ ಬಂತು. ಕೊನೆಗೆ ದೋಣಿಗೆ ಹಾರಿ ಅಲ್ಲೇ ಸತ್ತಿತು. ಹೊಟ್ಟೆ ಸೀಳಿ ನೋಡಿದರೆ ಕರುಳು ಇಂಚಿಂಚು ತುಂಡಾಗಿತ್ತು. ಸೇನಾಪತಿ ಸಿಟ್ಟಾಗಿ ಮರಿ ಹಿಡಿದವನನ್ನು ಕೆಲಸದಿಂದ ತೆಗೆದ. ಅಷ್ಟೇ ಕಥೆ. ಓದಿದ ರಾತ್ರಿ ನಾನು ಮನೆಗೆ ಫೋನ್ ಮಾಡಿದ್ದೆ.

ಇದೆಲ್ಲ ತಲೆಯಲ್ಲಿತ್ತು. ಸ್ಟೆತಸ್ಕೋಪ್ ಕೆಳಗಿಟ್ಟು, “ಈ ಸಂಕಟ ಯಾವತ್ತಿಂದ ಅಜ್ಜಿ?” ಅಂದೆ. ಅವರು ಸ್ವಲ್ಪ ಹೊತ್ತು ಗೋಡೆ ನೋಡಿದರು. ಮೊಮ್ಮಗನನ್ನು ಹುಟ್ಟಿದಾಗಿನಿಂದ ಸಾಕಿದ್ದು ಇವರೇ. ಜೂನ್‌ನಲ್ಲಿ ಶಾಲೆಗೆ ಅಂತ ಮಗ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದಾನೆ. “ಬಸ್ ಹತ್ತಿಸಿ ಬಂದಾಗಿಂದ ಕರುಳು ಕಿತ್ತು ಬಾಯಿಗೆ ಬಂದಂಗ ಆಗ್ತೈತವ್ವಾ” ಅಂದರು.

ಕೇಸ್ ಶೀಟಿನಲ್ಲಿ ತೊಂದರೆ ಏನು ಅಂತ ನಾನು ಯಾವಾಗಲೂ ಇಂಗ್ಲಿಷಿನಲ್ಲಿ ಬರೀತೀನಿ. ಅವತ್ತು ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದೆ. ಬರೋ ಸೋಮವಾರ ಮತ್ತೆ ಬನ್ನಿ, ಎಲ್ಲರೂ ಹೋದ ಮೇಲೆ ಕೊನೆಗೆ ಬನ್ನಿ ಅಂದಿದ್ದೀನಿ.