ಐಂಡ್‌ಹೋವನ್ ಫೈಲು: ಇಲ್ಲಿಯವರೆಗೆ ಎಷ್ಟಾಯಿತು

ಮೇ ಕೊನೆ

ಯಜಮಾನರಿಗೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸ ಖಾತ್ರಿಯಾಗಿದೆ. ವೀಸಾ ಅರ್ಜಿಯನ್ನು ಅಲ್ಲಿನ ಕಂಪನಿಯೇ ಹಾಕುತ್ತದೆ. ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂದಿದೆ. ಮದುವೆಯ ಪ್ರಮಾಣಪತ್ರ, ನಮ್ಮಿಬ್ಬರದು ಮತ್ತು ಮಗಳದು ಜನನ ಪ್ರಮಾಣಪತ್ರ, ಎಲ್ಲಕ್ಕೂ ಅಪೊಸ್ಟಿಲ್ ಆಗಬೇಕು, ಅಂದರೆ ಹೊರದೇಶದವರು ಒಪ್ಪುವಂತೆ ನಮ್ಮ ವಿದೇಶಾಂಗ ಸಚಿವಾಲಯ ಅಂಟಿಸುವ ದೃಢೀಕರಣದ ಸ್ಟಿಕರ್. ದೊಡ್ಡವರ ಜನನ ಪ್ರಮಾಣಪತ್ರ ಯಾಕೆ ಅಂತ ಕೇಳಿದೆ. ಅಲ್ಲಿಗೆ ಹೋದ ಕೂಡಲೇ ಗೆಮೇಂಟೆಯಲ್ಲಿ, ಅಂದರೆ ಅವರ ನಗರಸಭೆಯಲ್ಲಿ, ಹೆಸರು ನೋಂದಾಯಿಸಿ ಬಿಎಸ್‌ಎನ್ ಅನ್ನುವ, ಅಲ್ಲಿ ಪ್ರತಿಯೊಬ್ಬರಿಗೂ ಕೊಡುವ ಗುರುತಿನ ನಂಬರ್ ತಗೋಬೇಕಂತೆ. ಆಗ ಅದನ್ನು ಕೇಳುತ್ತಾರೆ.

ನಮ್ಮ ತಮ್ಮ ದುಬೈಗೆ ಹೋಗುವಾಗ ಇದರ ದಾರಿಯೇ ಬೇರೆ ಇತ್ತು. ಅಪೊಸ್ಟಿಲ್ ಒಪ್ಪುವ ದೇಶಗಳ ಹೇಗ್ ಒಪ್ಪಂದದಲ್ಲಿ ಯುಎಇ ಇಲ್ಲದ್ದರಿಂದ ದೆಹಲಿಯ ವಿದೇಶಾಂಗ ಸಚಿವಾಲಯದ ಮುದ್ರೆ ಆದಮೇಲೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕಾಗಿತ್ತು. ನೆದರ್‌ಲ್ಯಾಂಡ್ಸ್‌ಗೆ ಸಚಿವಾಲಯದ ಸ್ಟಿಕರ್ ಒಂದಿದ್ದರೆ ಮುಗೀತು. ಪಕ್ಕದ ಜರ್ಮನಿಗೆ ಹೊರಟವರು ಮಾತ್ರ ಇದನ್ನು ನಂಬಿ ಕೂರಬಾರದು. ಭಾರತ ಒಪ್ಪಂದಕ್ಕೆ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ಎತ್ತಿದೆ, ಹಾಗಾಗಿ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಏಜೆಂಟರು ಇದನ್ನು ತಾವಾಗಿ ಹೇಳುವುದು ಕಡಿಮೆ.

ಜೂನ್

ಮಗಳದು ಸಲೀಸು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟಿದವಳು. ಜನನ ಮರಣ ನೋಂದಣಿಯ ಸರ್ಕಾರಿ ವೆಬ್‌ಸೈಟು ಇ-ಜನ್ಮದಲ್ಲಿ ಸಿಕ್ಕಿತು, ಕನ್ನಡ ಇಂಗ್ಲಿಷ್ ಎರಡೂ ಇರುವುದರಿಂದ ಅನುವಾದದ ತಲೆನೋವೂ ಇಲ್ಲ. ಡಿಜಿಟಲ್ ಸಹಿ ಇದ್ದರೂ ಪ್ರಿಂಟ್ ಮೇಲೆ ನೋಂದಣಾಧಿಕಾರಿಯ ಶಾಯಿ ಸಹಿ, ಸೀಲು ಹಾಕಿಸಿಕೊಂಡು ಬನ್ನಿ ಅಂದರು ಏಜೆನ್ಸಿಯವರು. ಹಾಕಿಸಿದೆ. ಯಜಮಾನರದು ದಾವಣಗೆರೆ ನಗರಸಭೆಯ ಹಳೇ ದಾಖಲೆಯಲ್ಲಿ ಇತ್ತು, ಹೊಸ ಪ್ರತಿ ಬಂತು.

ಉಳಿದದ್ದು ನಂದು.

ನಾನು ಹುಟ್ಟಿದ್ದು 1987ರಲ್ಲಿ, ರಟ್ಟೀಹಳ್ಳಿ ಹತ್ತಿರದ ಹಳ್ಳಿಯಲ್ಲಿ, ಅಜ್ಜಿಯ ಮನೆಯ ನಡುಮನೆಯಲ್ಲಿ. ಆಗ ಅದು ಧಾರವಾಡ ಜಿಲ್ಲೆ, ಹಿರೇಕೆರೂರು ತಾಲ್ಲೂಕು. 1997ರಲ್ಲಿ ಹಾವೇರಿ ಜಿಲ್ಲೆ ಆಯಿತು, ಆಮೇಲೆ ರಟ್ಟೀಹಳ್ಳಿಯೇ ತಾಲ್ಲೂಕಾಯಿತು. ಊರು ಇದ್ದಲ್ಲೇ ಇದೆ, ವಿಳಾಸ ಮಾತ್ರ ಎರಡು ಸಲ ಬದಲಾಗಿದೆ. ಹಳೇ ಪುಸ್ತಕಗಳು ಹಿರೇಕೆರೂರಿನ ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನಲ್ಲೇ ಇವೆ ಅಂತ ಗೊತ್ತಾಗಿ ಅಲ್ಲಿಗೆ ಹೋದೆ.

ರೆಕಾರ್ಡ್ ರೂಮಿನವರು ಒಳ್ಳೆಯ ಮನುಷ್ಯ. ಬಟ್ಟೆಯಲ್ಲಿ ಕಟ್ಟಿದ ಗಂಟು ಬಿಚ್ಚಿ ನಮ್ಮೂರಿನ ಪುಸ್ತಕ ತೆಗೆದರು. ಅಂಚು ಉದುರುತ್ತಿದ್ದ ಹಾಳೆ, ನೀಲಿ ಶಾಯಿ ಕಂದಾಗಿದೆ. ಕ್ರಮಸಂಖ್ಯೆ, ದಿನಾಂಕ, ಗಂಡು ಅಥವಾ ಹೆಣ್ಣು, ತಂದೆ, ತಾಯಿ. ಬಹಳಷ್ಟು ಕೂಸುಗಳಿಗೆ ಹೆಸರಿನ ಕಾಲಂ ಖಾಲಿ. ಆ ವರ್ಷದ ಹಾಳೆಗಳನ್ನು ಬೆರಳಿಟ್ಟು ಓದಿದೆವು, ಹಿಂದಿನ ಮುಂದಿನ ವರ್ಷದವನ್ನೂ ಬಿಡಲಿಲ್ಲ. ಪಕ್ಕದ ಮನೆಯ ಗೆಳತಿ ಸಿಕ್ಕಳು, ನಾನು ಸಿಗಲಿಲ್ಲ. ಮನೆಯಲ್ಲಿ ಯಾರೂ ಬರೆಸಿರಲಿಲ್ಲ. ನಮೂನೆ 10, ಅಂದರೆ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ಕೊಟ್ಟರು. ಇಂಥ ಪತ್ರಕ್ಕೂ ಅರ್ಜಿ, ಶುಲ್ಕ, ಸೀಲು ಎಲ್ಲಾ ಇವೆ.

ಜುಲೈ, ಆಗಸ್ಟ್

ವರ್ಷ ದಾಟಿದ ಜನನವನ್ನು ನೋಂದಾಯಿಸಬೇಕಾದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 13(3)ರಡಿ ಆದೇಶ ಬೇಕು. ಮೊದಲು ಇದು ಕೋರ್ಟಿನ ಕೆಲಸವಾಗಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ನಮ್ಮ ಅರ್ಜಿ ಎಸಿ, ಅಂದರೆ ಉಪವಿಭಾಗಾಧಿಕಾರಿ, ಕಚೇರಿಗೆ ಹೋಯಿತು. ನಮೂನೆ 10, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅವ್ವನ ಅಫಿಡವಿಟ್ಟು, ಗ್ರಾಮ ಆಡಳಿತ ಅಧಿಕಾರಿಯ ವರದಿ ಲಗತ್ತಿಸಿದ್ದಾಯಿತು.

ಅಂಕಪಟ್ಟಿಯಲ್ಲಿ ಇರುವುದು ಜೂನ್ 1. ನಮ್ಮ ತಲೆಮಾರಿನ ಅರ್ಧ ಕ್ಲಾಸು ಜೂನ್ 1ರಂದೇ ಹುಟ್ಟಿದ್ದು, ಮೇಷ್ಟ್ರ ಕೃಪೆ. ವರದಿಗೆ ಬಂದವರು ಅವ್ವನನ್ನು ಕೇಳಿದರು. ‘ರೋಹಿಣಿ ಮಳಿ ಹಿಡದಿತ್ರಿ. ಬಿತ್ತಾಕ ಹೋದೋರು ಹೊಲದಿಂದ ಹೊಳ್ಳಿ ಬಂದಿದ್ರು, ಅವತ್ತ ಹುಟ್ಟ್ಯಾಳ’ ಅಂದಳು. ರೋಹಿಣಿ ಮಳೆ ಮೇ 25ರಿಂದ ಜೂನ್ ಮೊದಲ ವಾರದ ತನಕ. ಮೇಷ್ಟ್ರು ಗೊತ್ತಿದ್ದು ಬರೆದರೋ ಗೊತ್ತಿಲ್ಲದೆ ಬರೆದರೋ, ತಾಳೆಯಾಯಿತು. ಬಂದವರೂ ರೈತರ ಮಗ, ‘ರೋಹಿಣಿ ಮಳೆ ಆದರೆ ಓಣಿ ತುಂಬ ಜೋಳ’ ಅಂತ ನಗುತ್ತಾ ಬರೆದುಕೊಂಡರು.

ಆದೇಶದಲ್ಲಿ ಹುಟ್ಟಿದ ಸ್ಥಳವನ್ನು ‘ಅಂದಿನ ಧಾರವಾಡ ಜಿಲ್ಲೆ, ಹಿರೇಕೆರೂರು ತಾಲ್ಲೂಕು, ಇಂದಿನ ಹಾವೇರಿ ಜಿಲ್ಲೆ, ರಟ್ಟೀಹಳ್ಳಿ ತಾಲ್ಲೂಕು’ ಅಂತಲೇ ಬರೆಯಿರಿ ಎಂದು ಕೇಳಿಕೊಂಡೆ, ಬರೆದರು. ಪಾಸ್‌ಪೋರ್ಟಿನಲ್ಲಿ ಹಾವೇರಿ ಇದೆ. ಎಲ್ಲೋ ಒಬ್ಬ ಡಚ್ ಗುಮಾಸ್ತ ಕೂತು ಇವೆರಡು ಯಾಕೆ ಬೇರೆ ಅಂತ ಕೇಳಿದರೆ ಉತ್ತರ ಕಾಗದದ ಮೇಲೇ ಇರಲಿ.

ಸೆಪ್ಟೆಂಬರ್

ಮದುವೆ ನೋಂದಣಿ. ಆಗಿ ಹತ್ತು ವರ್ಷದ ಮೇಲಾಯಿತು, ನೋಂದಾಯಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೋ, ಸಾಕ್ಷಿಗಳು ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾಜರು. ಯಜಮಾನರ ಹೆಸರು ಪತ್ರಿಕೆಯಲ್ಲಿ ಮಂಜುನಾಥ, ಪಾಸ್‌ಪೋರ್ಟಿನಲ್ಲಿ ಕೊನೆಗೆ ಒಂದು ‘ಎ’ ಕಡಿಮೆ, ಇನಿಷಿಯಲ್ ಬಿಡಿಸಿ ಬರೆದದ್ದು ಬೇರೆ. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ಟು ಮಾಡಿಸಿ, ಪ್ರಮಾಣಪತ್ರದಲ್ಲಿ ಪಾಸ್‌ಪೋರ್ಟಿನ ಕಾಗುಣಿತವನ್ನೇ ಹಾಕಿಸಿದ್ದೇವೆ. ಸಹಿ ಹಾಕುವ ಮೊದಲು ಕಂಪ್ಯೂಟರ್ ಪರದೆಯ ಮೇಲೆ ಅಕ್ಷರ ಅಕ್ಷರ ಓದಿ ನೋಡಿ. ಪ್ರಿಂಟ್ ಆದಮೇಲೆ ತಿದ್ದಿಸುವುದು ಮತ್ತೊಂದು ಮದುವೆ ಮಾಡಿದಷ್ಟೇ ಕಷ್ಟ.

ಅಕ್ಟೋಬರ್

ಮಗಳದು ಅಪೊಸ್ಟಿಲ್ ಆಗಿ ವಾಪಸ್ ಬಂತು. ಹಿಂಬದಿಯಲ್ಲಿ ಚೌಕನೆಯ ಸ್ಟಿಕರ್. ತಲೆಬರಹ ಫ್ರೆಂಚಿನಲ್ಲಿ, 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದದ ಹೆಸರು. ಕೆಳಗೆ ಹತ್ತು ಅಂಶಗಳು: ದೇಶ ಯಾವುದು, ಸಹಿ ಯಾರದು, ಅವರು ಯಾವ ಹುದ್ದೆಯಲ್ಲಿದ್ದರು, ಮುದ್ರೆ ಯಾರದು, ಎಲ್ಲಿ, ಯಾವತ್ತು, ಹೀಗೆ. ಸ್ಟಿಕರಿನ ನಂಬರನ್ನು ಸಚಿವಾಲಯದ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ, ಸರಿ ಇದೆ.

ಆ ಹತ್ತರಲ್ಲಿ ಒಂದೂ ಕೂಸು ನಿಜವಾಗಿ ಅವತ್ತೇ ಹುಟ್ಟಿತೇ ಅಂತ ಕೇಳುವುದಿಲ್ಲ. ಸಹಿ, ಹುದ್ದೆ, ಮುದ್ರೆ ಇಷ್ಟೇ. ನೋಂದಣಾಧಿಕಾರಿಯ ಸಹಿಯನ್ನು ರಾಜ್ಯದ ಗೃಹ ಇಲಾಖೆ ಗುರುತಿಸುತ್ತದೆ, ಗೃಹ ಇಲಾಖೆಯ ಸಹಿಯನ್ನು ವಿದೇಶಾಂಗ ಸಚಿವಾಲಯ ಗುರುತಿಸುತ್ತದೆ, ಸಚಿವಾಲಯದ್ದನ್ನು ಡಚ್ಚರು ಒಪ್ಪುತ್ತಾರೆ. ನನ್ನದರ ನಿಜ ಸುಳ್ಳಿನ ವಿಚಾರಣೆಯೆಲ್ಲ ಊರಲ್ಲಿ, ಅವ್ವನ ಎದುರಲ್ಲೇ ಮುಗಿದುಹೋಗಿದೆ. ಅದಕ್ಕೇ ಯಾವತ್ತೋ ನಿವೃತ್ತರಾದ ಅಧಿಕಾರಿ ಕೈಬರಹದಲ್ಲಿ ಕೊಟ್ಟ ಹಳೇ ಪ್ರಮಾಣಪತ್ರ ಇಟ್ಟುಕೊಂಡವರು ಮೊದಲು ಹೊಸ ಪ್ರತಿ ತೆಗೆಸುವುದು ಜಾಣತನ. ಆ ಸಹಿಯ ಮಾದರಿ ಯಾರ ಹತ್ತಿರವೂ ಇಲ್ಲದಿದ್ದರೆ ಸರಪಳಿ ಅಲ್ಲೇ ತುಂಡು. ಲ್ಯಾಮಿನೇಷನ್ ಮಾಡಿಸಿ ಕಾಪಾಡಿಕೊಂಡವರ ಕಷ್ಟ ಇನ್ನೂ ಬೇರೆ.

ದುಡ್ಡಿನ ಮಾತು: ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಮಿಕ್ಕಿದ್ದೆಲ್ಲ ಸೇವಾ ಶುಲ್ಕ ಮತ್ತು ಮಧ್ಯವರ್ತಿಗಳದು. 2012ರಿಂದ ಸಚಿವಾಲಯ ಜನರಿಂದ ನೇರವಾಗಿ ತಗೊಳ್ಳುವುದಿಲ್ಲ, ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. ನಾನು ವಿಚಾರಿಸಿದ ಒಬ್ಬ ಏಜೆಂಟ್ ‘ದೆಹಲಿಗೇ ಕಳಿಸಬೇಕು, ಕೊರಿಯರ್ ಖರ್ಚು ಜಾಸ್ತಿ’ ಅಂದ. 2019ರಿಂದ ಬೆಂಗಳೂರಿನಲ್ಲೇ ಆಗುತ್ತದಲ್ಲ ಅಂದದ್ದಕ್ಕೆ ದರ ತಾನಾಗಿ ಇಳಿಯಿತು. ಕೆಲಸ ಬೇರೆಯವರಿಗೆ ಕೊಟ್ಟೆ.

ಈಗಿನ ಸ್ಥಿತಿ

ಮಗಳದು, ಯಜಮಾನರದು ಮುಗಿದಿವೆ. ಮದುವೆಯದು ಗೃಹ ಇಲಾಖೆಯಲ್ಲಿದೆ. ಅದು ಕನ್ನಡದಲ್ಲಿರುವುದರಿಂದ ಅನುವಾದ ಬೇಕು, ಆದರೆ ಸ್ಟಿಕರ್ ಬಿದ್ದಮೇಲೆ, ಸ್ಟಿಕರನ್ನೂ ಸೇರಿಸಿ. ಇಲ್ಲಿ ಅನುವಾದ ಮಾಡಿಸಿದರೆ ಆ ಅನುವಾದಕ್ಕೂ ಅಪೊಸ್ಟಿಲ್ ಕೇಳುತ್ತಾರೆ, ಅಲ್ಲಿನ ಪ್ರಮಾಣಿತ ಅನುವಾದಕರಿಂದ ಮಾಡಿಸಿದರೆ ಬೇಡ. ಕನ್ನಡ ಬಲ್ಲವರು ಯಾರಾದರೂ ಆ ಪಟ್ಟಿಯಲ್ಲಿ ಇದ್ದಾರೆಯೇ ಅಂತ ಯಜಮಾನರು ಹುಡುಕುತ್ತಿದ್ದಾರೆ.

ನನ್ನ ಜನನ ಪ್ರಮಾಣಪತ್ರ ಕಳೆದ ವಾರ ಕೈಗೆ ಬಂತು. ಜನನ 1987, ನೋಂದಣಿ ದಿನಾಂಕ ಈ ವರ್ಷದ್ದು. ಇದನ್ನು ನೋಡಿ ಪ್ರಶ್ನೆ ಬಂದೇ ಬರುತ್ತದೆ, ಹಾಗಾಗಿ ಎಸಿ ಆದೇಶದ ದೃಢೀಕೃತ ಪ್ರತಿಯನ್ನೂ ಜೊತೆಗೆ ಇಟ್ಟಿದ್ದೇನೆ. ಅಪ್ಪನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಅವ್ವನ ಆಧಾರ್ ಜೊತೆ ಇನ್ನೊಮ್ಮೆ ಹೋಲಿಸಿ ಸೋಮವಾರ ಏಜೆನ್ಸಿಗೆ ಕೊಡುವುದು.