20 ಕೆಜಿ ಭಾಗಿಸು 25 ಕೆಜಿ: 0.8 ಏನು?

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಎಸ್‌ಪಿಎಂ ಡಿಸೈನ್ ಮಾಡೋದು ನನ್ನ ಕೆಲಸ. ಎಸ್‌ಪಿಎಂ ಅಂದರೆ ಒಬ್ಬ ಗಿರಾಕಿಯ ಒಂದು ಕೆಲಸಕ್ಕೆ ಅಂತಲೇ ಮಾಡಿಕೊಡುವ ಮಷಿನ್. ಮೋಟರ್ ಆರಿಸುವಾಗ ಬೇಕಾಗುವ ಲೆಕ್ಕ ಹೈಸ್ಕೂಲಿನದೇ: ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ, ನಮ್ಮ ಶಾಪಿನ ಮಾತಲ್ಲಿ ಆಕ್ಸಿಲರೇಷನ್. ಸೂತ್ರ ಯಾರೂ ಮರೆಯೋದಿಲ್ಲ. ಎಡವೋದು ಯೂನಿಟ್‌ನಲ್ಲಿ.

ಈಚೆಗೆ ಒಂದು ಬೆಲ್ಟ್ ಆಕ್ಚುಯೇಟರ್ ಆರಿಸಬೇಕಿತ್ತು, ಅಂದರೆ ಮೋಟರ್ ತಿರುಗಿಸುವ ಬೆಲ್ಟ್‌ನಿಂದ ಲೋಡನ್ನು ನೇರ ಗೆರೆಯಲ್ಲಿ ಓಡಿಸುವ ಸಾಧನ. 300 ಮಿಮೀ ದೂರ, 0.6 ಸೆಕೆಂಡಿನೊಳಗೆ. ಕ್ಯಾಟಲಾಗ್‌ನಲ್ಲಿ ಬಲ 20 ಕೆಜಿಎಫ್ ಅಂತಿತ್ತು. ಒಂದು ಕೆಜಿಎಫ್ (ಕಿಲೋಗ್ರಾಂ-ಫೋರ್ಸ್) ಅಂದರೆ ಒಂದು ಕೆಜಿಯನ್ನು ಭೂಮಿ ಎಳೆಯುವ ಬಲ. ಜಾಬ್, ಅಂದರೆ ಸಾಗಿಸಬೇಕಾದ ವಸ್ತು, 18 ಕೆಜಿ; ಅದನ್ನು ಹೊತ್ತು ಓಡುವ ಕ್ಯಾರೇಜ್ 2.5 ಕೆಜಿ; ಹಿಡಿದುಕೊಳ್ಳುವ ಗ್ರಿಪ್ಪರ್ 4500 ಗ್ರಾಂ. ಗ್ರಿಪ್ಪರ್ ಮಾತ್ರ ಗ್ರಾಂನಲ್ಲಿ ಯಾಕೆ ಅಂದರೆ ಕ್ಯಾಡ್ ಸಾಫ್ಟ್‌ವೇರ್ ಹಾಗೇ ಕೊಡುತ್ತೆ. ಎಲ್ಲ ಸೇರಿ 25 ಕೆಜಿ.

ಹೊಸದಾಗಿ ಸೇರಿದ್ದ ಹುಡುಗ 20ನ್ನು 25ರಿಂದ ಭಾಗಿಸಿ, 0.8 ಮೀ/ಸೆ² ಅಂತ ಬರೆದ. ಅರ್ಧ ದೂರ ವೇಗ ಹೆಚ್ಚಿಸಿ, ಅರ್ಧ ದೂರ ಇಳಿಸಿದರೆ ಒಟ್ಟು ಸುಮಾರು 1.2 ಸೆಕೆಂಡ್. "ಸರ್, ಇದು ಸಾಲಲ್ಲ, ದೊಡ್ಡ ಸೈಜ್ ತಗೊಳ್ಳೋಣ" ಅಂದ.

ಅವನ 0.8 ಸರಿಯಾದ ಅಂಕಿಯೇ. ಯೂನಿಟ್ ಬೇರೆ, ಅಷ್ಟೇ. ಕೆಜಿಎಫ್ ಅನ್ನು ಕೆಜಿಯಿಂದ ಭಾಗಿಸಿದರೆ ಉತ್ತರ ಬರೋದು 'ಜಿ'ಯಲ್ಲಿ, ಅಂದರೆ ಭೂಮಿಯ ಗುರುತ್ವದ ಲೆಕ್ಕದಲ್ಲಿ. ಒಂದು ಜಿ ಅಂದರೆ 9.81 ಮೀ/ಸೆ². ಹಾಗಾಗಿ 0.8 ಜಿ ಅಂದರೆ 7.85. ನೆಟ್ಟಗೆ ಮಾಡೋದಾದರೆ ಮೊದಲು ಬಲವನ್ನು ನ್ಯೂಟನ್‌ಗೆ ತನ್ನಿ: 20 × 9.81 = 196. ಆಮೇಲೆ 25ರಿಂದ ಭಾಗಿಸಿ. ಎರಡು ದಾರಿಯೂ ಅಲ್ಲಿಗೇ ಬರುತ್ತೆ.

ನಾನು ಜಿ ದಾರಿಯನ್ನು ಬಿಡದಿರೋದಕ್ಕೆ ಕಾರಣ ಇದೆ. ಇದೇ ಆಕ್ಚುಯೇಟರನ್ನು ನೆಟ್ಟಗೆ ನಿಲ್ಲಿಸಿ ಲೋಡ್ ಮೇಲೆತ್ತಬೇಕು ಅಂದುಕೊಳ್ಳಿ. 25 ಕೆಜಿ ಸುಮ್ನೆ ಹಿಡಿದು ನಿಲ್ಲಿಸೋಕೇ 245 ನ್ಯೂಟನ್ ಬೇಕು. ಇರೋದು 196. ಲೋಡ್ ಏಳೋ ಮಾತಿರಲಿ, ಕೆಳಗೆ ಜಾರುತ್ತೆ. 0.8 ಒಂದಕ್ಕಿಂತ ಕಮ್ಮಿ ಅಲ್ವಾ, ಕ್ಯಾಲ್ಕುಲೇಟರ್ ಮುಟ್ಟದೇ ಇದು ಗೊತ್ತಾಗುತ್ತೆ.

ನಮ್ಮದು ಅಡ್ಡ ಓಡೋ ಆಕ್ಚುಯೇಟರ್, ಹಾಗಾಗಿ ಆ ಚಿಂತೆ ಇರಲಿಲ್ಲ. ಘರ್ಷಣೆಗೆ ಅಂತ 16 ನ್ಯೂಟನ್ ಕಳೆದೆವು. ಉಳಿದ 180ನ್ನು 25ರಿಂದ ಭಾಗಿಸಿದರೆ 7.2 ಮೀ/ಸೆ². ಮೋಟರನ್ನು ನಡೆಸುವ ಡ್ರೈವ್ ಕೇಳೋದು ಮಿಮೀ/ಸೆ²ನಲ್ಲಿ, ಅಂದರೆ 7200. ಇಲ್ಲಿ 7.2 ಅಂತಲೇ ಟೈಪ್ ಮಾಡಿದರೆ ಮಷಿನ್ ಕೆಟ್ಟಿದೆ ಅನ್ನಿಸುವಷ್ಟು ನಿಧಾನ ತೆವಳುತ್ತೆ. ನಾವು 7200 ಪೂರ್ತಿ ಹಾಕಲಿಲ್ಲ, 5000 ಹಾಕಿದೆವು. 300 ಮಿಮೀಗೆ 0.49 ಸೆಕೆಂಡ್. ದೊಡ್ಡ ಸೈಜ್ ಬೇಕಾಗಲಿಲ್ಲ.

ಅಮೆರಿಕದ ಕ್ಯಾಟಲಾಗ್ ಬಂದರೂ ಇದೇ ಉಪಾಯ ನಡೆಯುತ್ತೆ. 44 ಪೌಂಡ್ ಬಲವನ್ನು 55 ಪೌಂಡ್ ದ್ರವ್ಯರಾಶಿಯಿಂದ ಭಾಗಿಸಿ, ಮತ್ತೆ 0.8 ಜಿ. ಪೌಂಡ್ ಬಲವನ್ನು ಕೆಜಿಯಿಂದ ಭಾಗಿಸೋಕೆ ಮಾತ್ರ ಹೋಗಬೇಡಿ. 44 ಭಾಗ 25, ಅಂದರೆ 1.76 ಬರುತ್ತೆ. ಅದು ಮೀ/ಸೆ² ಅಲ್ಲ, ಜಿಯೂ ಅಲ್ಲ, ಆದರೆ ನೋಡೋಕೆ ಎರಡೂ ಆಗಬಹುದು ಅನ್ನಿಸುತ್ತೆ.