ಟ್ಯಾಂಕ್ ಅಟ್ಟಕ್ಕೆ, ಸ್ಪಾಂಜ್ ನೀರಿಗೆ

ನಮ್ಮನೆಯಲ್ಲಿ ಮೀನಿಗೆ ಎರಡು ಟ್ಯಾಂಕ್. ಹಾಲ್‌ನಲ್ಲಿರುವುದು ಮೂರಡಿಯದು. ಇನ್ನೊಂದು ಚಿಕ್ಕದು, ಹೊಸ ಮೀನು ತಂದಾಗ ಕೆಲವು ವಾರ ಬೇರೆ ಇಟ್ಟು ನೋಡುವುದಕ್ಕೆ. ಕಳೆದ ಬೇಸಿಗೆಯಲ್ಲಿ ಮನೆಗೆ ಬಣ್ಣ ಹೊಡೆಸುವಾಗ ಆ ಚಿಕ್ಕದನ್ನು ಅಟ್ಟಕ್ಕೆ ಹಾಕಬೇಕಾಯಿತು.

ಗಾಜು ಎತ್ತಿಡುವುದು ದೊಡ್ಡ ಕೆಲಸವಲ್ಲ. ನೀರು ತೆಗೆದು, ಅಂಚಿನಲ್ಲಿ ಕಟ್ಟಿದ ಬಿಳಿ ಗೆರೆಯನ್ನು ವಿನೆಗರ್ ಹಾಕಿ ಉಜ್ಜಿ, ಅಡಿಗೆ ಥರ್ಮಾಕೋಲ್ ಕೊಟ್ಟರೆ ಮುಗೀತು. ನನ್ನ ಚಿಂತೆಯೆಲ್ಲ ಒಳಗಿದ್ದ ಸ್ಪಾಂಜ್ ಫಿಲ್ಟರ್‌ದು.

"ಎಷ್ಟು ಗಲೀಜಾಗಿದೆ ನೋಡೋ. ಕೊಡಿಲ್ಲಿ, ಸೋಪ್ ಹಾಕಿ ತೊಳೆದು ಬಿಸಿಲಿಗಿಡ್ತೀನಿ" ಅಂದರು ಅಮ್ಮ.

ನಾನು ಕೊಡಲಿಲ್ಲ. ಕಡು ಕಂದು ಬಣ್ಣ, ಮುಟ್ಟಿದರೆ ಜಾರುತ್ತದೆ. ಮೂಗಿನ ಹತ್ತಿರ ಹಿಡಿದರೆ ಒದ್ದೆ ಮಣ್ಣಿನ ವಾಸನೆ. ಆ ಲೋಳೆಯೇ ಟ್ಯಾಂಕಿನ ಜೀವ. ಮೀನು ಕಿವಿರಿನಿಂದ ಬಿಡುವ ಅಮೋನಿಯಾ ನೀರಿನಲ್ಲೇ ಸೇರುತ್ತದೆ, ಅದು ಮೀನಿಗೇ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅದರಿಂದ ಅಷ್ಟು ಅಪಾಯವಿಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಎರಡನೇ ಕೆಲಸ ನೈಟ್ರೋಬ್ಯಾಕ್ಟರ್‌ದು ಅಂತಲೇ ಬಹಳ ಕಾಲ ನಂಬಿದ್ದರು. ಅಕ್ವೇರಿಯಂಗಳಲ್ಲಿ ಹೆಚ್ಚಾಗಿ ದುಡಿಯುವುದು ನೈಟ್ರೋಸ್ಪೈರಾ ಅಂತ 1998ರ ಹೊತ್ತಿಗೆ ಗೊತ್ತಾಯಿತು. ಹೊಸ ಟ್ಯಾಂಕಿನಲ್ಲಿ ಇವು ತಾವಾಗಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಇವಿರುವುದು ನೀರಿನಲ್ಲಲ್ಲ, ಸ್ಪಾಂಜ್, ಕಲ್ಲು, ಗಾಜಿಗೆ ಅಂಟಿಕೊಂಡು. ಹಳೇ ನೀರನ್ನು ಬಕೆಟ್‌ನಲ್ಲಿ ಕಾಪಾಡಿ ಪ್ರಯೋಜನವಿಲ್ಲ.

ಇಷ್ಟು ಹೇಳಿದ ಮೇಲೆ ಅಮ್ಮ, "ಹೆಪ್ಪಿಗೆ ಎತ್ತಿಟ್ಟ ಹಾಗೆ ಅನ್ನು" ಅಂದರು. ಹೌದು, ಆದರೆ ಇದಕ್ಕೆ ಉಸಿರಾಡಲು ಗಾಳಿಯೂ ಬೇಕು. ಒದ್ದೆ ಸ್ಪಾಂಜನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಆಮ್ಲಜನಕ ಮುಗಿದು ಕೊಳೆತ ಮೊಟ್ಟೆಯ ವಾಸನೆ ಶುರುವಾಗುತ್ತದೆ. ಬಿಸಿಲಿಗಿಟ್ಟು ಒಣಗಿಸಿದರಂತೂ ಮುಗಿದೇ ಹೋಯಿತು. ನಲ್ಲಿಯಡಿ ತೊಳೆಯುವುದೂ ಬೇಡ. ಬೆಂಗಳೂರಿಗೆ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು, ಅಲ್ವಾ?

ದೊಡ್ಡ ಟ್ಯಾಂಕಿನ ನೀರು ಒಂದು ಬಕೆಟ್‌ಗೆ ತೆಗೆದು, ಅದರಲ್ಲೇ ಸ್ಪಾಂಜನ್ನು ಮೆಲ್ಲಗೆ ಹಿಂಡಿದೆ. ಕಾಫಿ ಬಣ್ಣದ ನೀರು ಬಂತು. ಅಮ್ಮ ಅದನ್ನು ದಾಸವಾಳದ ಕುಂಡಕ್ಕೆ ಸುರಿದರು. ಸ್ಪಾಂಜನ್ನು ದೊಡ್ಡ ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ಇಳಿಸಿ ಏರ್ ಪಂಪಿನ ಪೈಪ್ ಸಿಕ್ಕಿಸಿದೆ. ಗುಳ್ಳೆ ಬಂತು. ಬ್ಯಾಕ್ಟೀರಿಯಾಗೆ ಊಟ ಅಲ್ಲಿನ ಮೀನುಗಳೇ ಕೊಡುತ್ತವೆ. ನನಗೆ ಗೊತ್ತಿರುವ ದಾರಿಗಳಲ್ಲಿ ಇದೇ ಅತ್ಯಂತ ಸುಲಭದ್ದು. ಬೇರೆ ಟ್ಯಾಂಕ್ ಇಲ್ಲದವರು ಕ್ಲೋರಿನ್ ತೆಗೆದ ನೀರಿನ ಬಕೆಟ್‌ನಲ್ಲಿ ಸ್ಪಾಂಜ್ ಮುಳುಗಿಸಿ, ಪಂಪ್ ಹಾಕಿ, ಆಗಾಗ ಚಿಟಿಕೆ ಮೀನಿನ ಆಹಾರ ಉದುರಿಸಬೇಕು. ಆಹಾರ ಕೊಳೆತು ಅಮೋನಿಯಾ ಬರುತ್ತದೆ. ಬಕೆಟ್ ಗಬ್ಬು ನಾರದಂತೆ ನೋಡಿಕೊಳ್ಳಬೇಕು, ಜಾಸ್ತಿ ಹಾಕಬಾರದು.

ಮಳೆಗಾಲ ಮುಗಿದ ಮೇಲೆ ಕೋರಿಡೋರಾಸ್ ಮೀನು ತಂದೆ. ಚಿಕ್ಕ ಟ್ಯಾಂಕ್ ಅಟ್ಟದಿಂದ ಇಳಿಯಿತು. ಸ್ಪಾಂಜನ್ನು ಆರಲು ಬಿಡದೆ ನೇರವಾಗಿ ಅದಕ್ಕೆ ಹಾಕಿದೆ. ಮಾರನೇ ದಿನ ಅಮೋನಿಯಾ ಟೆಸ್ಟ್ ಮಾಡಿದರೆ ಬಣ್ಣ ಅಚ್ಚ ಹಳದಿ. ನನ್ನ ಕಿಟ್‌ನಲ್ಲಿ ಹಳದಿ ಅಂದರೆ ಸೊನ್ನೆ. ಆಮೇಲೂ ದಿನಾ ನೋಡಿದೆ, ಹಸಿರಿಗೆ ತಿರುಗಲೇ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ ಆ ಪುಟ್ಟ ಗಾಜಿನ ಕೊಳವೆಯನ್ನು ಅಮ್ಮನಿಗೂ ತೋರಿಸಿದೆ.

ಆದರೆ ಹೊಸ ಮೀನಿಗೆ ರೋಗ ಬಂದರೆ ಅದರ ಜೊತೆಗಿದ್ದ ಸ್ಪಾಂಜನ್ನು ವಾಪಸ್ ದೊಡ್ಡ ಟ್ಯಾಂಕಿಗೆ ಹಾಕುವ ಹಾಗಿಲ್ಲ. ರೋಗವೂ ಅದರ ಜೊತೆಗೇ ಬರುತ್ತದೆ. ಆಗ ಮಾತ್ರ ಸೋಪ್ ಹಾಕದೆ ತೊಳೆದು, ಅಮ್ಮ ಹೇಳಿದ ಹಾಗೆ ಬಿಸಿಲಿಗಿಟ್ಟು ಪೂರ್ತಿ ಒಣಗಿಸಬೇಕು. ಅದಕ್ಕೇ ಈಗ ದೊಡ್ಡ ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ಇನ್ನೊಂದು ಸ್ಪಾಂಜನ್ನೂ ಓಡಿಸುತ್ತಿದ್ದೇನೆ.